ರಾಜ್ಯೋತ್ಸವಕ್ಕೆ ಚಹಾ ಯಾರು ಮಾಡ್ತೀರಿ?

ಕಳೆದ ಶನಿವಾರ ಬರ್ಮಿಂಗ್‌ಹ್ಯಾಮ್‌ನ ನಮ್ಮ ಕನ್ನಡ ಶಾಲೆಯ ಬಿಡುವಿನಲ್ಲಿ ಒಬ್ಬಳು ಪುಟ್ಟ ಹುಡುಗಿ ಅಡುಗೆಮನೆಗೆ ಬಂದಳು. ಒಲೆ ಮೇಲಿನ ಪಾತ್ರೆ ನೋಡಿ, "ಆಂಟಿ, ಟೀನ ಯಾಕೆ ಬೇಯಿಸ್ತೀರಾ? ನಮ್ಮ ಸ್ಕೂಲಲ್ಲಿ ಮಿಸ್ ಬಿಸಿನೀರಲ್ಲಿ ಸುಮ್ನೆ ನೆನೆಹಾಕ್ತಾರೆ" ಅಂದಳು. ನಮ್ಮ ಪತ್ರಿಕೆಯ ಈ ಸಂಚಿಕೆ ಇವತ್ತು ರಾತ್ರಿಯೇ ಅಚ್ಚಿಗೆ ಹೋಗಬೇಕು. ಆದರೂ ಅವಳಿಗೆ ಉತ್ತರ ಇಲ್ಲೇ ಬರೆದುಬಿಡುತ್ತೇನೆ.

ಪುಟ್ಟಿ, ಎರಡೂ ಸರಿ. ನಾವು ಊರಿಂದ ಹೊತ್ತು ತರುವ ಪುಡಿ ಸಿಟಿಸಿ. ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಸುತ್ತಿ ಸಣ್ಣ ಕಾಳು ಮಾಡುತ್ತಾರೆ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ವಿಧಾನ ಅದು. ಬಣ್ಣ, ಒಗರು ಬೇಗ ಬಿಡುತ್ತದೆ. ಹಾಲು, ಸಕ್ಕರೆ, ಶುಂಠಿ ಎಲ್ಲ ಬಿದ್ದರೂ ಚಹಾದ ರುಚಿ ಸೋಲುವುದಿಲ್ಲ. ಡಾರ್ಜಿಲಿಂಗ್‌ನ ಇಡೀ ಎಲೆಯನ್ನು ಹಾಗೆ ಕುದಿಸಿದರೆ ಪರಿಮಳ ಹೋಗಿ ಕಹಿ ಉಳಿಯುತ್ತದೆ. ಅದಕ್ಕೆ ಮೂರು ನಾಲ್ಕು ನಿಮಿಷ ನೆನೆದರೆ ಸಾಕು. ಗ್ರೀನ್ ಟೀ ಕಹಿ ಅಂತ ಬಿಟ್ಟವರೂ ಒಮ್ಮೆ ನೀರನ್ನು 75–80 ಡಿಗ್ರಿಗೆ ಆರಿಸಿ ಹಾಕಿ ನೋಡಿ. ಕುಂದಾಪುರದ ಕಡೆಯವರು ಕಣ್ಣ ಚಾಕ್ಕೆ, ಅಂದರೆ ಹಾಲಿಲ್ಲದ ಚಹಾಕ್ಕೆ, ಲಿಂಬೆ ಹಿಂಡಿಕೊಂಡು ಕೂತರೆ ಹಾಲು ಬೇಕಾ ಅಂತ ಕೇಳಲೇಬೇಡಿ. ಕಾಫಿ ಸೀಮೆ ಚಿಕ್ಕಮಗಳೂರಿನಲ್ಲೂ ಚಹಾ ತೋಟವಿದೆ, ಗೊತ್ತಾ? ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ, ಸಂಸೆಯಲ್ಲಿ. ಯಾರಾದರೂ ಆ ಕಡೆ ಹೋದರೆ ನನಗೊಂದು ಪ್ಯಾಕೆಟ್ ತನ್ನಿ.

ನನ್ನದು ಕುದಿಸುವ ಚಹಾ. ಕಲಿತದ್ದು ಧಾರವಾಡದ ಅತ್ತಿ ಮನೆಯಲ್ಲಿ. ಶ್ರಾವಣದ ಜಿಟಿಜಿಟಿ ಮಳೆ, ಅಂಗಳದಲ್ಲಿ ಒಣಗದ ಬಟ್ಟೆ. ಕಾಕಾ ಅಂಗಡಿಯಿಂದ ಬಂದು ಛತ್ರಿ ಮಡಚುವ ಸದ್ದು ಕೇಳಿದರೆ ಅತ್ತಿ ಬೋಗುಣಿ ಇಡುತ್ತಿದ್ದಳು. ನೀರಿಗೆ ಮೊದಲು ಸಕ್ಕರೆ, ಆಮೇಲೆ ಜಜ್ಜಿದ ಹಸಿ ಶುಂಠಿ. "ಶುಂಠಿ ನೀರಾಗ ಕುದೀಲಿ. ಹಾಲಿಗೆ ಹಸೀದ ಹಾಕಿದ್ರ ಒಡೀತದ" ಅಂತ ಪ್ರತಿಸಲ ಹೇಳುತ್ತಿದ್ದಳು. ನೀರು ಮಗುಚಿ ಕುದಿಯುವಾಗ ಪುಡಿ. ಹಾಲು ಪಕ್ಕದ ಒಲೆಯಲ್ಲಿ ಬೇರೆ ಕಾಯುತ್ತಿತ್ತು. ಎರಡೂ ಸೇರಿ ಒಮ್ಮೆ ಉಕ್ಕಿ ಬಂದರೆ ಮುಗಿಯಿತು, ಮತ್ತೆ ಕುದಿಸುತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಸಕ್ಕರೆ ತೀರಿದರೆ ಬೆಲ್ಲ. ಬೆಲ್ಲ ಮಾತ್ರ ಬೋಗುಣಿ ಕೆಳಗಿಳಿಸಿದ ಮೇಲೆ. ಸೋಸುವ ಬಟ್ಟೆ ಎಷ್ಟು ತೊಳೆದರೂ ಕಂದು ಬಣ್ಣ ಬಿಡುತ್ತಿರಲಿಲ್ಲ. ಅದನ್ನು ಹಿಂಡುವಾಗ ಅತ್ತಿಯ ಬೆರಳು ಸುಡುತ್ತಿರಲಿಲ್ಲವೇ ಅಂತ ಈಗಲೂ ಯೋಚಿಸುತ್ತೇನೆ. ಕಾಕಾ ಬಶಿಗೆ ಸುರುವಿಕೊಂಡು ಸುರ್ ಅಂತ ಕುಡಿಯುತ್ತಿದ್ದ. ಪೋಸ್ಟಿನವನಿಗೂ ಒಂದು ಕಪ್ಪು, ಹೂವಿನವಳಿಗೂ ಒಂದು ಕಪ್ಪು. ಚಹಾ ಕುಡಿಯದೆ ಆ ಮೆಟ್ಟಿಲು ಇಳಿದವರನ್ನು ನಾನು ನೋಡಿಲ್ಲ.

ಇಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನೀರು ನಮಗೆ ಒಲಿದಿದೆ. 1904ರಿಂದ ವೇಲ್ಸ್‌ನ ಎಲಾನ್ ಕಣಿವೆಯ ಮೆದು ನೀರು ಬರುತ್ತಿದೆ. ಲಂಡನ್ ಕಡೆಯ ಸುಣ್ಣದ ನೀರಿನಲ್ಲಿ ಚಹಾದ ಮೇಲೆ ಪೊರೆ ಕಟ್ಟುವುದು ಅಲ್ಲಿ ಇದ್ದವರಿಗೆಲ್ಲ ಗೊತ್ತು. ಹಾಲು ಮಾತ್ರ ನೀಲಿ ಮುಚ್ಚಳದ್ದೇ, ಕೆನೆ ತೆಗೆಯದ್ದೇ ಇರಲಿ. ಹಸಿರು ಮುಚ್ಚಳದ್ದು ತೆಳು, ಚಹಾಕ್ಕೆ ಮೈ ಬರುವುದಿಲ್ಲ.

ಇದೆಲ್ಲ ಈಗ ಯಾಕೆಂದರೆ, ಇಷ್ಟು ವರ್ಷ ನಮ್ಮ ಕಾರ್ಯಕ್ರಮಗಳಲ್ಲಿ ಚಹಾ ಕುದಿಸಿದ ಹಾವೇರಿಯ ಅಕ್ಕ, ಭಾವ ಈ ತಿಂಗಳ ಕೊನೆಗೆ ಊರಿಗೇ ವಾಪಸ್ ಹೊರಟಿದ್ದಾರೆ. ಮೊಮ್ಮಗಳ ಜೊತೆ ಇರಬಹುದು ಅನ್ನುವ ಖುಷಿ ಅವರಿಗೆ. ನಮಗೂ ಖುಷಿಯೇ, ಆದರೆ ಹೊಟ್ಟೆಯಲ್ಲಿ ಒಂಥರಾ ಸಂಕಟ. ಇನ್ಮೇಲೆ ಕೆಟಲ್, ಟೀ ಬ್ಯಾಗ್ ಇಟ್ಟರೆ ಸಾಕು ಅಂತ ಸಮಿತಿಯಲ್ಲಿ ಮಾತು ಬಂತು. ನನಗೆ ಒಪ್ಪಿಗೆಯಿಲ್ಲ. ಚಹಾ ಕುದಿಯುವಷ್ಟು ಹೊತ್ತು ಜನ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಹೊಸದಾಗಿ ಬಂದ ಎಷ್ಟೋ ವಿದ್ಯಾರ್ಥಿಗಳಿಗೆ ಬಾಡಿಗೆ ಕೋಣೆಯ ಸುಳಿವು ಸಿಕ್ಕಿದ್ದು ಅಲ್ಲೇ. ಯಾರ ಜೊತೆಯೂ ಮಾತಾಡದೆ ಮೂಲೆಯಲ್ಲಿ ಕೂತವರನ್ನು ಅಕ್ಕ "ಬಾ ತಮ್ಮಾ, ಕಪ್ಪು ಹಂಚು" ಅಂತ ಕರೆದದ್ದೂ ಅಲ್ಲೇ. ಟೀ ಬ್ಯಾಗ್ ಇಟ್ಟರೆ ಅಲ್ಲಿ ನಿಲ್ಲುವವರು ಯಾರು?

ದಯವಿಟ್ಟು ಯಾರಾದರೂ ಇಬ್ಬರು ಮುಂದೆ ಬನ್ನಿ. ಪುಡಿ, ಹಾಲಿನ ಅಳತೆ ಅಕ್ಕ ಬರೆದುಕೊಟ್ಟಿದ್ದಾರೆ. ಈ ಪತ್ರಿಕೆಗೂ ಒಂದು ಕೈ ಬೇಕು. ಟೈಪ್ ಮಾಡಲು ಬಂದರೆ ಸಾಕು, ನಿಜವಾಗಿ ಸಾಕಾಗಿದೆ ನನಗೆ.

ಇನ್ನು ಸೂಚನೆಗಳು, ಜಾಗ ಇಲ್ಲ, ಬೇಗ ಬೇಗ: ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ, ನಾಟಕದ ತಾಲೀಮಿಗೆ ಬರುವ ಮಕ್ಕಳ ಅಪ್ಪ ಅಮ್ಮ ಗಮನಿಸಿ. ರಾಜ್ಯೋತ್ಸವ ನವೆಂಬರ್ ಮೊದಲ ಭಾನುವಾರ, ಬೆಳಿಗ್ಗೆ 10ಕ್ಕೆ ಧ್ವಜ, ಮಧ್ಯಾಹ್ನ 3ಕ್ಕೆ ಗಿರ್ಮಿಟ್, ಮಿರ್ಚಿ, ಚಹಾ. ಸದಸ್ಯತ್ವದ ಹಣ ಬಾಕಿ ಇರುವವರು ಅಂದೇ ಕೊಡಬಹುದು. ಅಕ್ಕ, ಭಾವನಿಗೆ ಬೀಳ್ಕೊಡುಗೆ ಇದೇ ಶನಿವಾರ ಸಂಜೆ, ಕನ್ನಡ ಶಾಲೆ ಮುಗಿದ ಮೇಲೆ. ರಾಜ್ಯೋತ್ಸವದ ದಿನ ಶುಂಠಿ ಜಜ್ಜಲು ಬರುವವರು 9ಕ್ಕೇ ಬನ್ನಿ. ಹಾಲ್‌ನಲ್ಲಿ ಕುಟ್ಟಾಣಿ ಇಲ್ಲ, ಮನೆಯಿಂದ ತನ್ನಿ.