ಒಬ್ಬನೇ ಹೋಗಬೇಡ ಮಾಣಿ

ಕುಂದಾಪುರ
ಭಾನುವಾರ, ಬೆಳಿಗ್ಗೆ

ಪ್ರೀತಿಯ ಮಾಣಿ,

ಮಾವನ ಆಶೀರ್ವಾದ.

ನಿನ್ನ ಪತ್ರ ಬಂತು. ಈ ಕಾಲದಲ್ಲಿ ನಾಲ್ಕು ಪುಟ ಕೈಯಲ್ಲೇ ಬರೆದು ಕಳಿಸಿದ್ದೀಯ, ತುಂಬ ಖುಷಿಯಾಯಿತು. ಮನೆಯ ಸುದ್ದಿ ನಿನ್ನಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ, ಅದನ್ನು ಬಿಡುತ್ತೇನೆ. ನಾನು ಬರೆಯಲು ಕೂತದ್ದು ಮೂರನೇ ಪುಟದ ಒಂದು ಸಾಲಿಗಾಗಿ. ಹೊಸ ಹಾಯಿಯ ಬೆಲೆ ಹೇಳಿ ಮುಗಿಸಿ, ವೀಸಾ ವಿಷಯ ಶುರು ಮಾಡುವ ಮೊದಲು, ನಡುವೆ ಹೀಗೆ ಬರೆದಿದ್ದೀಯ: "ಈಗ ನಾನೊಬ್ಬನೇ ಹೋಗ್ತೀನಿ ಮಾವ, ಅದೇ ವಾಸಿ."

ಓದಿ ಕನ್ನಡಕ ತೆಗೆದಿಟ್ಟೆ. ಮತ್ತೆ ಹಾಕಿಕೊಂಡು ಓದಿದೆ. ಇವತ್ತಿಗೆ ಮೂರು ರಾತ್ರಿ ಆಯಿತು, ನಿದ್ದೆ ಸರಿಯಾಗಿ ಬಂದಿಲ್ಲ. ಕಣ್ಣು ಮುಚ್ಚಿದರೆ ನಾನು ಕಂಡೇ ಇರದ, ಅಮೆರಿಕದ ನಿನ್ನ ಬರ್ಕ್ಲಿಯ ನೀರು ಕಾಣುತ್ತದೆ. ಅದರ ಮೇಲೆ ಒಂದು ಚಿಕ್ಕ ದೋಣಿ, ಅದರಲ್ಲಿ ಒಂದೇ ತಲೆ.

ಹಾಯಿದೋಣಿ ರೇಸಿನಲ್ಲಿ ಆದದ್ದನ್ನು ನೀನು ಚಿತ್ರ ಬರೆದು ತೋರಿಸಿದ್ದೀಯ. ನನಗೆ ಅರ್ಥವಾಯಿತು. ಗಾಳಿ ನಿನ್ನ ಬಲಗಡೆಯಿಂದ ಬರುತ್ತಿತ್ತು, ಎದುರಿನ ದೋಣಿಯವನಿಗೆ ಎಡಗಡೆಯಿಂದ. ಅವನೇ ದಾರಿ ಬಿಡಬೇಕಿತ್ತು, ಬಿಡಲಿಲ್ಲ. ನೀನು 'ಪ್ರೊಟೆಸ್ಟ್' ಅಂತ ಕೂಗಿದೆ, ಅವನು ಅಲ್ಲೇ ಎರಡು ಸುತ್ತು ತಿರುಗಿ ದಂಡ ಕಟ್ಟಿದ, ಕೊನೆಯಲ್ಲಿ ಬಂದ. ರೂಲಿನ ಪ್ರಕಾರ ಎಲ್ಲ ಸರಿ. ಆಮೇಲೆ ದಡದಲ್ಲಿ ಊಟಕ್ಕೆ ಕೂತಾಗ ಎಲ್ಲರೆದುರು ಇನ್ನೊಂದು ಮಾತು ಆಡಿದೆಯಲ್ಲ, ಅದು ಯಾವ ರೂಲಿನಲ್ಲೂ ಇರಲಿಲ್ಲ. ಅದನ್ನೂ ಮುಚ್ಚಿಡದೆ ಬರೆದಿದ್ದೀಯ. ಮುಂದಿನ ಶುಕ್ರವಾರ ನಿನ್ನ ದೋಣಿಗೆ ಯಾರೂ ಹತ್ತಲಿಲ್ಲ. ಇಷ್ಟು ನಿನಗೂ ಗೊತ್ತು, ನನಗೂ ಗೊತ್ತು. ನಾನು ಪಂಚಾಯ್ತಿ ಮಾಡಲು ಬರೆಯುತ್ತಿಲ್ಲ. ಯಾರದು ತಪ್ಪು ಅನ್ನುವುದಕ್ಕೆ ನನಗೆ ನಿದ್ದೆ ಕೆಟ್ಟಿಲ್ಲ. ಒಬ್ಬನೇ ಹೋಗುತ್ತೇನೆ ಅಂದೆಯಲ್ಲ, ಅದಕ್ಕೆ ಕೆಟ್ಟಿದೆ.

ನನ್ನ ಒಂದು ಕಥೆ ಹೇಳಬೇಕು. ನಿನ್ನಮ್ಮನಿಗೆ ಅರ್ಧ ಗೊತ್ತು. ಉಳಿದರ್ಧ ಯಾರಿಗೂ ಹೇಳಿಲ್ಲ.

1968. ನನಗೆ ಹತ್ತೊಂಬತ್ತು. ಆಗ ಕುಂದಾಪುರದಿಂದ ಗಂಗೊಳ್ಳಿಗೆ ಹೋಗಬೇಕಾದರೆ ನಮಗೆ ಹೊಳೆಯೇ ದಾರಿ. ಎದುರಿಗೇ ಕಾಣುವ ಊರು. ರಸ್ತೆಯಲ್ಲಿ ಹೋದರೆ ಊರೆಲ್ಲ ಸುತ್ತಬೇಕು. ಐದು ಹೊಳೆ ಸೇರಿ ಪಂಚಗಂಗಾವಳಿಯಾಗಿ ಅಲ್ಲೇ ಕಡಲಿಗೆ ಬೀಳುತ್ತದೆ. ಸಂಜೆ ಪಡುಗಾಳಿ ಎದ್ದ ಮೇಲೆ ನಾವು ಏಳೆಂಟು ಹುಡುಗರು ಪಾತಿ ದೋಣಿಗೆ ಹಾಯಿ ಕಟ್ಟಿ ಪಂದ್ಯ ಬಿಡುತ್ತಿದ್ದೆವು. ಹಾಯಿ ಅಂದರೆ ನಿನ್ನದರ ಹಾಗಲ್ಲ, ಗೋಣಿಚೀಲ ಬಿಚ್ಚಿ ಹೊಲಿದದ್ದು. ಧಕ್ಕೆಯಿಂದ ಹೊರಟು, ಬಲೆ ಕಟ್ಟುವ ಒಂದು ಕಂಬ ಸುತ್ತಿ, ವಾಪಸ್ಸು. ಗೆದ್ದವನಿಗೆ ಸೋತವರು ಚಾ ಮತ್ತು ಗೋಳಿಬಜೆ ಕೊಡಿಸಬೇಕು. ಅಷ್ಟೇ. ನಿಮ್ಮ ಶುಕ್ರವಾರದ ಬಿಯರ್ ಕ್ಯಾನ್ ರೇಸ್ ಬಗ್ಗೆ ಮೊದಲ ಸಲ ನೀನು ಬರೆದಾಗ ನನಗೆ ನೆನಪಾದದ್ದು ಅದೇ. ಕಪ್ಪಿಲ್ಲ, ಕಾಸಿಲ್ಲ, ಕೆಲಸ ಮುಗಿಸಿ ಬಂದವರು ಕತ್ತಲಾಗುವ ಮೊದಲು ಒಂದು ಸುತ್ತು ಹೋಗಿ ಬಂದು ಒಟ್ಟಿಗೆ ಉಣ್ಣುವುದು. ಎಷ್ಟು ಸಂತೋಷವಾಗಿತ್ತು ಗೊತ್ತಾ ನನಗೆ, ನೀನು ಅಷ್ಟು ದೂರ ಹೋಗಿಯೂ ಇಂಥದೊಂದು ಜಾಗ ಹುಡುಕಿಕೊಂಡೆ ಅಂತ.

ನನಗೊಬ್ಬ ಗೆಳೆಯ ಇದ್ದ. ಹೆಸರು ಬರೆಯುವುದಿಲ್ಲ, ಅವನ ಮಕ್ಕಳು ಇಲ್ಲೇ ಇದ್ದಾರೆ. ಶಾಲೆಗೆ ಒಟ್ಟಿಗೆ, ಮೀನಿಗೆ ಒಟ್ಟಿಗೆ, ಯಕ್ಷಗಾನದ ಆಟಕ್ಕೆ ಹೋದರೆ ಬೆಳಗಿನ ತನಕ ಒಂದೇ ಚಾಪೆ. ಒಂದು ಸಂಜೆ ಅವನು ಕಂಬ ಸುತ್ತದೆ ಒಳಗಿನಿಂದಲೇ ತಿರುಗಿಸಿಕೊಂಡು ಬಂದ. ನಾನು ಕಣ್ಣಾರೆ ಕಂಡೆ. ಧಕ್ಕೆಯ ಮೇಲೆ ಹತ್ತು ಜನರ ಮುಂದೆ ಅವನನ್ನು ಕಳ್ಳ ಅಂದೆ. ಅವನ ಅಪ್ಪನ ಮೇಲೆ ಆಗ ಯಾವುದೋ ಸುಳ್ಳು ಅಪವಾದ ಇತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಅವನು ಏನೂ ಹೇಳಲಿಲ್ಲ. ಹಾಯಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಹೋದ.

ಕಂಬದ ವಿಷಯದಲ್ಲಿ ನಾನು ಹೇಳಿದ್ದು ಸರಿ. ಈಗಲೂ ಸರಿಯೇ. ಆ ಸರಿಯನ್ನು ಇಟ್ಟುಕೊಂಡು ನಾನು ಏನು ಮಾಡಲಿ ಹೇಳು.

ಆಮೇಲೆ ನಾನೂ ನಿನ್ನ ಹಾಗೇ ಅಂದುಕೊಂಡೆ. ಒಬ್ಬನೇ ಹೋದರೆ ಯಾರ ಹಂಗೂ ಇಲ್ಲ. ಅದರಲ್ಲಿ ಒಂದು ಸುಖ ಇದೆ, ನಾನು ಇಲ್ಲ ಅನ್ನುವುದಿಲ್ಲ. ನೀರಿನ ಸದ್ದು ಬಿಟ್ಟು ಬೇರೆ ಸದ್ದಿರುವುದಿಲ್ಲ. ನೀನು ಬರೆದದ್ದೂ ಅದೇ ಅಲ್ವಾ, ಅಲ್ಕಟ್ರಾಜ್ ದ್ವೀಪದ ಹಿಂದೆ ಸೂರ್ಯ ಇಳಿಯುವಾಗ ಮನಸ್ಸು ತಣ್ಣಗಾಗುತ್ತದೆ ಅಂತ. ಆ ಸುಖ ಕಂಡರೇ ನನಗೆ ಹೆದರಿಕೆ. ಅದು ರೂಢಿಯಾಗುತ್ತದೆ.

ಒಂದು ದಿನ ಹೊಳೆ ಕಡಲು ಸೇರುವ ಅಳಿವೆ ಬಾಗಿಲ ತನಕ ಹೋದೆ. ಇಳಿತ ಶುರುವಾಗಿತ್ತು. ಹೊಳೆ ನೀರು ಹೊರಗೆ ಎಳೆಯುತ್ತದೆ, ಪಡುಗಾಳಿ ಒಳಗೆ ದೂಡುತ್ತದೆ. ಎರಡೂ ಎದುರುಬದುರಾದಾಗ ತೆರೆ ಉದ್ದ ಬರುವುದಿಲ್ಲ, ನಿಂತಲ್ಲೇ ಗೋಡೆಯ ಹಾಗೆ ಏಳುತ್ತದೆ. ನಿಮ್ಮಲ್ಲಿ ಕಡಲು ಒಳಗೆ ಬರುವ ಗೋಲ್ಡನ್ ಗೇಟ್ ಕಿಂಡಿಯಲ್ಲೂ ಹೀಗೇ ಆಗುತ್ತದೆ ಅಂತ ನೀನೇ ಹಿಂದೊಮ್ಮೆ ಬರೆದಿದ್ದೆ. ಬೇಸಿಗೆಯಲ್ಲಿ ಒಳನಾಡು ಕಾದು ಕಡಲ ಗಾಳಿಯನ್ನು ಆ ಕಿಂಡಿಯಿಂದ ಎಳೆದುಕೊಳ್ಳುತ್ತದೆ, ಮಧ್ಯಾಹ್ನದ ಮೇಲೆ ಗಾಳಿ 20-25 ನಾಟ್ ಆಗುತ್ತದೆ ಅಂತ. ಅಷ್ಟು ಹೇಳಿದಾಗಲೇ ನನಗೆ ಅಲ್ಲಿನ ನೀರನ್ನು ಕಂಡ ಹಾಗಾಯಿತು.

ದೋಣಿ ಮಗುಚಿತು. ಹಾಯಿಯ ಹಗ್ಗ ಪಂಚೆಗೆ ಸುತ್ತಿಕೊಂಡಿತ್ತು. ದೋಣಿಯ ಬೆನ್ನು ತಬ್ಬಿಕೊಂಡು ಎಷ್ಟು ಹೊತ್ತಿದ್ದೆನೋ, ಅರ್ಧ ಗಂಟೆ ಇರಬಹುದು. ಆಗ ಮುಖದ ಪಕ್ಕಕ್ಕೆ ಒಂದು ಹಗ್ಗ ಬಂದು ಬಿತ್ತು. ತೆಂಗಿನ ನಾರಿನ ಹಗ್ಗ, ಮೀನೆಣ್ಣೆ ವಾಸನೆ. ಆ ಗಂಟು ನೋಡಿಯೇ ಯಾರದು ಅಂತ ಗೊತ್ತಾಯಿತು. ತುದಿಗೆ ಹಾಗೆ ಎರಡು ಗಂಟು ಹಾಕುತ್ತಿದ್ದವನು ಅವನೊಬ್ಬನೇ.

ಮರಳಿನ ಮೇಲೆ ನನ್ನ ದೋಣಿ ಎಳೆದು ಹಾಕಿದ. ನಾನು ಉಪ್ಪುನೀರು ಕಾರುತ್ತ ಕೂತಿದ್ದೆ. ಅವನು ಡಬ್ಬ ತೆಗೆದುಕೊಂಡು ದೋಣಿಯ ನೀರೆಲ್ಲ ಎತ್ತಿ ಚೆಲ್ಲಿದ. ಡಬ್ಬವನ್ನು ಇದ್ದ ಜಾಗದಲ್ಲೇ ಇಟ್ಟ. ತನ್ನ ಹಗ್ಗ ಮೊಣಕೈಗೆ ಸುತ್ತು ಸುತ್ತಾಗಿ ಸುತ್ತಿಕೊಂಡ. ನಾನು ಬಾಯಿ ಬಿಡಲಿಲ್ಲ ಮಾಣಿ. ಅವನೇ ಮೊದಲು ಮಾತಾಡಲಿ ಅಂತ ಕಾದೆ. ಅವನು ಹೋದ. ಅದು ಬಲೆ ಹಾಕುವ ಹೊತ್ತೂ ಅಲ್ಲ. ಅವನು ಅಳಿವೆಯಲ್ಲಿ ಯಾಕಿದ್ದ ಅಂತ ನಾನು ಇವತ್ತಿನವರೆಗೂ ಯಾರನ್ನೂ ಕೇಳಲಿಲ್ಲ.

ಮಳೆಯ ಜೋರು ಇಳಿದು, ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ, ಹಂಚು ತುಂಬಿದ ಮಚ್ವೆಯಲ್ಲಿ, ಅಂದರೆ ಸರಕಿನ ಹಾಯಿಹಡಗಿನಲ್ಲಿ, ಖಲಾಸಿಯಾಗಿ ಬೊಂಬಾಯಿಗೆ ಹೋದ. ನಾನು ಧಕ್ಕೆಗೆ ಹೋಗಲಿಲ್ಲ. ಎಷ್ಟೋ ವರ್ಷದ ನಂತರ ಒಂದು ಹಬ್ಬದಲ್ಲಿ ಸಿಕ್ಕಿದ. ಇಬ್ಬರದೂ ತಲೆ ನರೆತಿತ್ತು. "ಆರಾಮಾ?" ಅಂದ. "ಆರಾಮು" ಅಂದೆ. ಅಷ್ಟೇ ಮಾತು. ಈಗ ಅವನಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ನಿನ್ನ ಸಾಲಿಗೆ ಬರುತ್ತೇನೆ.

ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ ಹಾಯಿದೋಣಿಯಲ್ಲಿ ಒಬ್ಬರೇ ಹೋಗಲಿಲ್ವಾ ಅಂತ ಕೇಳಿದ್ದೀಯ. ಹೋದರು. 2012ರಲ್ಲಿ ಮುಂಬಯಿಯಿಂದ ಹೊರಟು, ಎಲ್ಲೂ ನಿಲ್ಲದೆ ಭೂಮಿ ಸುತ್ತಿ, 2013ರಲ್ಲಿ ಮುಂಬಯಿಗೇ ಬಂದರು. ನಾನು ಪೇಪರಿನಿಂದ ಫೋಟೋ ಕತ್ತರಿಸಿ ಇಟ್ಟಿದ್ದೆ. ಆದರೆ 2018ರ ಸೆಪ್ಟೆಂಬರ್ ನೆನಪು ಮಾಡಿಕೋ. ಒಬ್ಬೊಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ಅವರ ದೋಣಿ ಉರುಳಿ ಹಾಯಿಕಂಬ ಮುರಿಯಿತು, ಬೆನ್ನಿಗೆ ಪೆಟ್ಟಾಯಿತು. ಎದ್ದೇಳಲು ಆಗುತ್ತಿಲ್ಲ ಅಂತ ಸಂದೇಶ ಕಳಿಸಿ ಮಲಗಿದಲ್ಲೇ ಇದ್ದರು. ಓಸಿರಿಸ್ ಅನ್ನುವ ಫ್ರಾನ್ಸಿನ ಹಡಗು ಬಂದು ಎತ್ತಿಕೊಂಡಿತು. ಅದು ಬರುವ ಮೊದಲೇ ಇನ್ನೊಬ್ಬ ಅವರ ಕಡೆ ಹೊರಟಿದ್ದ. ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್. ಅದೇ ರೇಸಿನಲ್ಲಿ ಅವರ ಎದುರಾಳಿ. ಅವನ ಹಾಯಿಕಂಬವೂ ಅದೇ ಬಿರುಗಾಳಿಗೆ ಮುರಿದಿತ್ತು. ಇದ್ದದ್ದರಲ್ಲೇ ಒಂದು ಕಂಬ ನಿಲ್ಲಿಸಿಕೊಂಡು ಗೆಳೆಯನ ಕಡೆ ದೋಣಿ ತಿರುಗಿಸಿದ್ದ. ಅವರು ಒಬ್ಬರೇ ಹೋದದ್ದು ನಿಜ, ಆದರೆ ಎಲ್ಲಿದ್ದಾರೆ ಅಂತ ಜಗತ್ತಿಗೇ ಗೊತ್ತಿತ್ತು. ನೀನು ಬುಧವಾರ ಸಂಜೆ ಹಗ್ಗ ಬಿಚ್ಚಿ ಹೊರಟರೆ ಯಾರಿಗೆ ಗೊತ್ತು? ಇದು ಒಂದೇ ಪ್ರಶ್ನೆ, ಸುತ್ತಿ ಸುತ್ತಿ ಇಲ್ಲಿಗೇ ಬರುತ್ತೇನೆ.

ನೀನು ಕಳಿಸಿದ ರೇಸಿನ ರೂಲ್ ಪುಸ್ತಕ ನಿಘಂಟು ಇಟ್ಟುಕೊಂಡು ಸ್ವಲ್ಪ ಓದಿದೆ. ಮೊದಲನೇ ರೂಲೇ ಅಪಾಯದಲ್ಲಿರುವವರಿಗೆ ಆದಷ್ಟೂ ಸಹಾಯ ಮಾಡಬೇಕು ಅನ್ನುವುದು. ಬಲಗಡೆ ಎಡಗಡೆಯ ರೂಲು ಬರುವುದು ಹತ್ತನೆಯದಾಗಿ. ಓದಿ ಪುಸ್ತಕ ಮಡಚಿಟ್ಟೆ. ಆ ನಾರಿನ ಹಗ್ಗ ಕಣ್ಣೆದುರು ಬಂತು.

ನಿಮ್ಮ ನೀರು ನಮ್ಮ ನೀರಲ್ಲ. ಇಲ್ಲಿ ನಾನು ಅರ್ಧ ಗಂಟೆ ಇದ್ದೆ, ಚಳಿ ಅನ್ನಿಸಲಿಲ್ಲ. ಅಲ್ಲಿ ಬೇಸಿಗೆಯಲ್ಲೂ ನೀರು ಕೊರೆಯುತ್ತದಂತೆ. ಅಂಥ ನೀರಿಗೆ ಬಿದ್ದರೆ ಉಸಿರು ಹತೋಟಿಗೆ ಬರಲು ಒಂದು ನಿಮಿಷ ಬೇಕು, ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಇರುವುದು ಸುಮಾರು ಒಂದು ಗಂಟೆ ಅಂತ ಲೆಕ್ಕ ಹೇಳುತ್ತಾರೆ. ನಿನಗೆ ಇದು ಗೊತ್ತಿರುತ್ತದೆ. ಗೊತ್ತಿದ್ದರೂ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಹತ್ತು ನಿಮಿಷದಲ್ಲಿ ಒಬ್ಬನೇ ದೋಣಿ ಹತ್ತಲು ಆಗುತ್ತದಾ? ದಡದ ಹತ್ತಿರ ಒಮ್ಮೆ ಹತ್ತಿ ನೋಡಿದ್ದೀಯಾ? ಲೈಫ್ ಜಾಕೆಟ್ ಹೇಗೂ ಹಾಕುತ್ತೀಯ. ರೇಡಿಯೋ ಮಾತ್ರ ದೋಣಿಯ ಒಳಗೆ ಗೂಟಕ್ಕೆ ನೇತುಹಾಕಬೇಡ, ಮೈಮೇಲೆ ಕಟ್ಟಿಕೋ. ದೋಣಿ ಒಂದು ಕಡೆ, ನೀನೊಂದು ಕಡೆ ಆದರೆ ಅದು ಯಾಕೆ ಬೇಕು.

ನನ್ನ ಅಪ್ಪ, ಅಂದರೆ ನಿನ್ನಜ್ಜ, ಮಚ್ವೆಯಲ್ಲಿ ತಂಡೇಲನಾಗಿದ್ದ, ಅಂದರೆ ಖಲಾಸಿಗಳ ಮುಖ್ಯಸ್ಥ. ಖಲಾಸಿಗಳಲ್ಲಿ ಇಬ್ಬರು ಮಾತು ಬಿಟ್ಟರೆ ಬೈಯುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ಇಬ್ಬರಿಗೂ ರಾತ್ರಿ ಒಂದೇ ಪಾಳಿ ಕೊಡುತ್ತಿದ್ದ. ಒಬ್ಬ ಚುಕ್ಕಾಣಿಗೆ, ಇನ್ನೊಬ್ಬ ಮೂತಿಯಲ್ಲಿ. ಮುಂದೆ ಬಲೆ ಕಂಡರೆ, ದೀಪ ಕಂಡರೆ, ಮುಂದಿನವನು ಹಿಂದಿನವನಿಗೆ ಕೂಗಿ ಹೇಳಲೇಬೇಕು. ಬೆಳಗಾಗುವಾಗ ಗಂಟಲು ಬಿಟ್ಟಿರುತ್ತಿತ್ತು.

ಅದಕ್ಕೇ ನನಗೆ ಅನ್ನಿಸುವುದು, ಈ ಶುಕ್ರವಾರ ನಿನ್ನ ದೋಣಿ ಕಟ್ಟಿದಲ್ಲೇ ಇರಲಿ. ಅವನ ದೋಣಿಯ ಹತ್ತಿರ ಹೋಗು. ಒಂದಾಳು ಬೇಕಾ ಅಂತ ಕೇಳು. ಚುಕ್ಕಾಣಿ ಕೇಳಬೇಡ, ಹಾಯಿಯ ಹಗ್ಗ ಎಳೆಯುವ ಕೆಲಸ ಕೊಟ್ಟರೆ ಸಾಕು. ಬೇಡ ಅಂದರೆ? ಅನ್ನಬಹುದು. ಅಂದರೆ ಇನ್ನೊಬ್ಬರ ದೋಣಿ ಹತ್ತು, ಮುಂದಿನ ವಾರ ಮತ್ತೆ ಅವನನ್ನೇ ಕೇಳು. ಮೆಸೇಜು ಹಾಕಬೇಡ, ಎದುರಿಗೆ ಹೋಗು. ಪ್ರೊಟೆಸ್ಟ್ ಮಾಡಿದ್ದಕ್ಕೆ ಕ್ಷಮೆ ಬೇಕಿಲ್ಲ, ಊಟದಲ್ಲಿ ಆಡಿದ ಮಾತಿಗೆ ಕೇಳು. ಉದ್ದ ಬೇಡ, ಎರಡು ಮಾತು ಸಾಕು. ಆ ಎರಡು ಮಾತೇ ನನ್ನ ಬಾಯಿಂದ ಬರಲಿಲ್ಲ. ನಾನು ಮಾಡದ್ದನ್ನು ನಿನಗೆ ಹೇಳುತ್ತಿದ್ದೇನೆ, ಹೇಳುವ ಹಕ್ಕು ನನಗೆಷ್ಟಿದೆಯೋ.

ಒಬ್ಬನೇ ಹೋಗಲೇಬೇಕು ಅನ್ನಿಸಿದ ದಿನ, ಬೇಡ ಅಂದರೆ ನೀನು ಕೇಳುವುದಿಲ್ಲ, ನಿನ್ನ ವಯಸ್ಸಿನಲ್ಲಿ ನಾನೂ ಕೇಳಿದವನಲ್ಲ. ಪಕ್ಕದ ದೋಣಿಯ ಮುದುಕರೊಬ್ಬರು ದಿನಾ ಅಲ್ಲೇ ಇರುತ್ತಾರೆ ಅಂದಿದ್ದೆ. ಅವರಿಗಾದರೂ ಹೇಳಿ ಹೋಗು, ಎಷ್ಟು ಹೊತ್ತಿಗೆ ಬರುತ್ತೇನೆ ಅಂತ. ಬಂದ ಮೇಲೆ ಮರೆಯದೆ ಬಂದೆ ಅಂತ ಹೇಳು. ಇಳಿತಕ್ಕೆ ಗಾಳಿ ಎದುರಾಗುವ ಹೊತ್ತು ಬೇಡ. ಮುರಿದು ಬಿದ್ದ ಆ ಹಳೇ ಪಿಯರಿನ, ಅಂದರೆ ಧಕ್ಕೆಯ, ಕಂಬಗಳ ಕಡೆ ಕತ್ತಲಲ್ಲಿ ಹೋಗಬೇಡ.

ನಿನ್ನಮ್ಮ ಹಪ್ಪಳ, ಹುರಿದ ಸಿಗಡಿ ಪುಡಿ ಕಟ್ಟಿ ಕಳಿಸುತ್ತಿದ್ದಾಳೆ. ಒಂದು ಪೊಟ್ಟಣ ಜಾಸ್ತಿ ಹಾಕಲು ಹೇಳಿದ್ದೇನೆ. ಅದು ನಿನಗಲ್ಲ, ಯಾರಿಗೆ ಅಂತ ನಿನಗೆ ಗೊತ್ತು.

ಶುಕ್ರವಾರ ನಿಮ್ಮಲ್ಲಿ ಸಂಜೆ ಆರು ಅಂದರೆ ನಮಗೆ ಶನಿವಾರ ಬೆಳಿಗ್ಗೆ ಆರೂವರೆ. ನಾನು ಆಗ ಎದ್ದು ಜಗಲಿಯಲ್ಲಿ ಕೂತಿರುತ್ತೇನೆ. ನೀವು ದಡಕ್ಕೆ ಬರುವಾಗ ಇಲ್ಲಿ ಒಂಬತ್ತಾಗಬಹುದು. ಎಷ್ಟು ಹೊತ್ತಾದರೂ ಪರವಾಗಿಲ್ಲ, ಫೋನ್ ಮಾಡು. ಎಷ್ಟನೆಯವನಾಗಿ ಬಂದೆ ಅಂತ ಹೇಳದಿದ್ದರೂ ಆಯಿತು. ದೋಣಿಯಲ್ಲಿ ಯಾರ‍್ಯಾರಿದ್ದಿರಿ ಅಂತ ಹೇಳು.

ಇತಿ,
ನಿನ್ನ ಮಾವ