ಪರ್ಸೆಂಟ್ ಜೊತೆ ಪ್ರಶ್ನೆನೂ ಪ್ರಿಂಟ್ ಮಾಡಿ

ಮಾನ್ಯ ಸಂಪಾದಕರೆ,

ನಿಮ್ಮ ಪೇಪರಲ್ಲಿ ಸರ್ವೇ ಸುದ್ದಿ ಬಂದಾಗೆಲ್ಲ ನಾನು ಮೊದಲು ಹುಡುಕೋದು ಕೇಳಿದ ಪ್ರಶ್ನೆ ಏನು ಅಂತ. ಅದೊಂದು ಬಿಟ್ಟು ಬಾಕಿ ಎಲ್ಲಾ ಇರುತ್ತೆ. ಶೇಕಡಾ ಇಷ್ಟು ಜನ ಪರ, ಇಷ್ಟು ಜನ ವಿರುದ್ಧ ಅಂತ ದಪ್ಪಕ್ಷರದ ಹೆಡ್ಡಿಂಗು, ಎಷ್ಟು ಜನರನ್ನ ಮಾತಾಡಿಸಿದ್ರು ಅನ್ನೋದೂ ಒಂದು ಮೂಲೇಲಿ ಸಿಗುತ್ತೆ, ಆದ್ರೆ ಅವರ ಹತ್ರ ಯಾವ ಮಾತಲ್ಲಿ ಕೇಳಿದ್ರು ಅನ್ನೋದು ಎಲ್ಲೂ ಇರಲ್ಲ.

ನಾನೇ ಕೆಲವು ತಿಂಗಳು ಫೋನಲ್ಲಿ ಸರ್ವೇ ಮಾಡೋ ಕೆಲಸ ಮಾಡಿದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಇಂಗ್ಲಿಷ್ ಪ್ರಶ್ನೆನ ಯಾರೋ ಕನ್ನಡಕ್ಕೆ ತಿರುಗಿಸಿ ಕೊಟ್ಟಿದ್ರು, ಒಂದಕ್ಷರ ಬದಲಾಯಿಸದೆ ಓದಬೇಕು ಅಂತ ರೂಲ್. ಅದ್ರಲ್ಲಿ ಒಂದು ಹೀಗಿತ್ತು, "ಈ ನಿಯಮ ಬೇಡ ಎನ್ನುವುದನ್ನು ನೀವು ಒಪ್ಪುವುದಿಲ್ಲವೇ?" ಒಬ್ರು ಅಜ್ಜಿ ಪೂರ್ತಿ ಕೇಳಿಸ್ಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು "ಹೂಂ ಕಣಪ್ಪಾ" ಅಂದ್ರು. ಆ ಹೂಂ ಯಾವುದಕ್ಕೆ? ನಮ್ಮ ಭಾಷೇಲಿ "ಬಂದಿಲ್ವಾ" ಅಂದ್ರೆ "ಹೂಂ, ಬಂದಿಲ್ಲ" ಅಂತೀವಿ, ಹಾಗಾಗಿ ಅವರು ಒಪ್ಪಲ್ಲ ಅಂದ್ರೋ, ಒಪ್ತೀನಿ ಅಂದ್ರೋ, ಇಲ್ಲಾ ಬೇಗ ಫೋನ್ ಇಡ್ಲಿ ಅಂತ ಅಂದ್ರೋ ಗೊತ್ತಾಗ್ಲಿಲ್ಲ. ಸ್ಕ್ರೀನಲ್ಲಿ ಇದ್ದಿದ್ದು ಎರಡೇ ಬಟನ್, ಒಂದನ್ನ ಒತ್ತಿದೆ. ಆ ಒತ್ತಿದ್ದೂ ಯಾವುದೋ ಪರ್ಸೆಂಟಿನೊಳಗೆ ಸೇರ್ಕೊಂಡಿರುತ್ತೆ.

ದೊಡ್ಡ ದೊಡ್ಡ ಸಂಸ್ಥೆಗಳಿಗೂ ಇದು ಆಗಿದೆ. 1992ರಲ್ಲಿ ಅಮೆರಿಕದ ರೋಪರ್ ಸಂಸ್ಥೆ, ನಾಜಿಗಳು ಯಹೂದಿಗಳ ಹತ್ಯಾಕಾಂಡ ನಡೆಸಲೇ ಇಲ್ಲ ಅನ್ನೋದು ನಿಮಗೆ ಸಾಧ್ಯ ಅನ್ಸುತ್ತಾ ಅಸಾಧ್ಯ ಅನ್ಸುತ್ತಾ ಅಂತ ಇಲ್ಲ-ಅಲ್ಲಗಳನ್ನ ಸುತ್ತಿ ಕೇಳ್ತು, ಶೇ 22 ಜನ ಸಾಧ್ಯ ಅಂದ್ರು. ದೇಶಾನೇ ಬೆಚ್ಚಿಬಿತ್ತು. 1994ರಲ್ಲಿ ಅದೇ ಸಂಸ್ಥೆ ಪ್ರಶ್ನೆನ ಬಿಡಿಸಿ, ನಡೆಯದೇ ಇರೋ ಸಾಧ್ಯತೆ ಇದೆ ಅನ್ಸುತ್ತಾ ಅಥವಾ ನಡೆದಿದ್ದು ಖಚಿತ ಅನ್ಸುತ್ತಾ ಅಂತ ಕೇಳಿದಾಗ ಸಾಧ್ಯ ಅಂದವರು ಶೇ 1 ಮಾತ್ರ. ಜನ ಎರಡು ವರ್ಷದಲ್ಲಿ ಬದಲಾಗಲಿಲ್ಲ, ಪ್ರಶ್ನೆ ಬದಲಾಯ್ತು.

ಗೋಜಲು ಇಲ್ಲದಿದ್ರೂ ಒಂದು ಪದಾನೇ ಉತ್ತರಾನ ಒಂದು ಕಡೆಗೆ ಎಳೆಯುತ್ತೆ. 1940ರ ಸುಮಾರಿಗೇ ಅಮೆರಿಕದಲ್ಲಿ, ಪ್ರಜಾಪ್ರಭುತ್ವದ ವಿರುದ್ಧ ಭಾಷಣ ಮಾಡೋಕೆ ಅವಕಾಶ ಕೊಡಬೇಕಾ ಅಂದಾಗ ಬೇಡ ಅಂದವರು ಶೇ 62, ನಿಷೇಧಿಸಬೇಕಾ ಅಂದಾಗ ಹೌದು ಅಂದವರು ಶೇ 46. ನಿಷೇಧ ಅನ್ನೋ ಪದ ಬಂದ ತಕ್ಷಣ ಕೈ ಹಿಂದೆ ಬರುತ್ತೆ. ಇನ್ನು ಒಂದು ಮಾತು ಸೇರಿಸಿಬಿಟ್ರಂತೂ ಕೇಳೋದೇ ಬೇಡ, 2003ರ ಜನವರೀಲಿ ಅಲ್ಲಿನ ಪ್ಯೂ ಅನ್ನೋ ಸರ್ವೇ ಸಂಸ್ಥೆ ಸದ್ದಾಂ ಆಡಳಿತ ಮುಗಿಸೋಕೆ ಇರಾಕ್ ಮೇಲೆ ಸೇನಾ ಕಾರ್ಯಾಚರಣೆ ಬೇಕಾ ಅಂದಾಗ ಶೇ 68 ಜನ ಬೇಕು ಅಂದ್ರು, ಸಾವಿರಾರು ಅಮೆರಿಕನ್ ಸೈನಿಕರಿಗೆ ಸಾವುನೋವು ಆಗಬಹುದಾದ್ರೂ ಅಂತ ಸೇರಿಸಿದಾಗ ಅದು ಶೇ 43ಕ್ಕೆ ಇಳೀತು. ಎರಡರಲ್ಲಿ ಒಂದೇ ಪ್ರಿಂಟ್ ಆಗಿದ್ರೆ ಓದುಗರಿಗೆ ಏನು ಗೊತ್ತಾಗ್ತಿತ್ತು?

ಸ್ಕಾಟ್ಲೆಂಡಿನ 2014ರ ಜನಮತಗಣನೆಗೆ ಮೊದಲು "ಸ್ವತಂತ್ರ ದೇಶ ಆಗಬೇಕು ಅನ್ನೋದನ್ನ ಒಪ್ತೀರಾ" ಅಂತ ಡ್ರಾಫ್ಟ್ ಮಾಡಿದ್ರು, ಬ್ರಿಟನ್ನಿನ ಚುನಾವಣಾ ಆಯೋಗ ಜನರ ಹತ್ರ ಟೆಸ್ಟ್ ಮಾಡಿ, ಒಪ್ತೀರಾ ಅನ್ನೋದೇ ಹೌದು ಕಡೆಗೆ ತಳ್ಳುತ್ತೆ ಅಂತ ಅದನ್ನ ತೆಗೆಸ್ತು. ಕನ್ನಡದಲ್ಲಿ ಈ ಕೆಲಸಕ್ಕೆ ಒಂದು ಪೂರ್ತಿ ಪದಾನೂ ಬೇಕಿಲ್ಲ, ಕೊನೇಲಿ "ಅಲ್ವಾ", "ತಾನೆ" ಅಂತ ಸೇರಿಸಿದ್ರೆ ಸಾಕು, ಎದುರಿಗಿರೋರು ಮುಖ ಮುರಿಯೋಕೆ ಇಷ್ಟ ಇಲ್ಲದೆ ಹೌದು ಅಂದುಬಿಡ್ತಾರೆ.

ದಯವಿಟ್ಟು ಇನ್ಮೇಲೆ ಸರ್ವೇ ಸುದ್ದಿ ಜೊತೆ ಪ್ರಶ್ನೆನ ಕೇಳಿದ ಹಾಗೇ, ಕೊಟ್ಟ ಆಯ್ಕೆಗಳ ಸಮೇತ ಹಾಕಿ. ಕನ್ನಡದಲ್ಲಿ ಕೇಳಿದ್ರೆ ಆ ಕನ್ನಡಾನೇ ಬೇಕು, ನಿಮ್ಮ ಡೆಸ್ಕಲ್ಲಿ ತಿದ್ದಿ ಚೆಂದ ಮಾಡಿದ್ದು ಬೇಡ. ಹೋದ ಸಲಕ್ಕಿಂತ ಬೆಂಬಲ ಏರ್ತು, ಇಳೀತು ಅಂತ ಬರೆಯೋ ಮುಂಚೆ ಎರಡು ಸಲಾನೂ ಪ್ರಶ್ನೆ ಒಂದೇನಾ ಅಂತ ನೋಡಿ. ಸರ್ವೇ ಮಾಡಿದವರು ಪ್ರಶ್ನೆ ಕೊಡಲ್ಲ ಅಂದ್ರೆ ಅದನ್ನೂ ಅದೇ ಸುದ್ದೀಲಿ ಬರೀರಿ, ಹೆಡ್ಡಿಂಗ್ ಕೆಳಗೆ ಎರಡು ಸಾಲು ಜಾಗ ಸಾಕು.

ಇತಿ,
ನಿಮ್ಮ ಒಬ್ಬ ಓದುಗ