ಮೊದಲು ಶಾಕ್ಸ್ ಆರಿಸಿ, ಆಮೇಲೆ ಕಾರಿನ ಎತ್ತರ ಇಳಿಸಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ನಿಮ್ಮ ವಾಹನ ಪುರವಣಿಯಲ್ಲಿ ಹಳೆಯ ಕಾರುಗಳನ್ನು ಕೆಳಗಿಳಿಸಿ ಅಂದ ಮಾಡಿಕೊಳ್ಳುವ ಬಗ್ಗೆ ಲೇಖನ ಬಂದಿತ್ತು. ಫೋಟೊಗಳು ಚೆನ್ನಾಗಿದ್ದವು. ಸ್ಪ್ರಿಂಗ್, ಅಲಾಯ್, ಟೈರ್ ಎಲ್ಲದರ ಬಗ್ಗೆಯೂ ಇತ್ತು, ಶಾಕ್ ಅಬ್ಸಾರ್ಬರ್ (ಶಾಕ್ಸ್) ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಅದನ್ನು ಓದಿ ಮಾರನೇ ದಿನವೇ ಗ್ಯಾರೇಜಿಗೆ ಹೋಗುವ ಹುಡುಗರು ಇರುತ್ತಾರೆ ಅಲ್ವಾ, ಅವರಿಗಾಗಿ ಈ ಪತ್ರ.

ನನ್ನ ಹತ್ತಿರ 2001ರ ಫೋರ್ಡ್ ಐಕಾನ್ 1.6 ಇದೆ. 1999ರ ಕೊನೆಗೆ ಬಂದ ಕಾರು, ‘ಜೋಶ್ ಮಷೀನ್’ ಅಂತ ಜಾಹೀರಾತು ಬರುತ್ತಿತ್ತು, ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಇವತ್ತಿಗೂ ಆ ಎಂಜಿನ್ ಎಳೆಯುವ ರೀತಿ ನನಗೆ ಇಷ್ಟ. ಸೆಕೆಂಡ್ ಹ್ಯಾಂಡ್ ತಗೊಂಡಾಗ ಹಿಂದಿನವರು ಅದನ್ನು ಆಗಲೇ ಇಳಿಸಿಬಿಟ್ಟಿದ್ದರು. ಮನೆಗೆ ತಂದು ಜಾಕ್ ಕೊಟ್ಟು ಎತ್ತಿದೆ. ಮುಂದಿನ ಚಕ್ರ ಜೋತುಬಿದ್ದ ಕೂಡಲೇ ಸ್ಪ್ರಿಂಗ್ ತನ್ನ ತಟ್ಟೆಯೊಳಗೆ ಸಡಿಲವಾಯಿತು, ಕೈ ಹಾಕಿ ತಿರುಗಿಸಿದರೆ ಬಳೆ ತಿರುಗಿದ ಹಾಗೆ ತಿರುಗಿತು. ತುದಿಯಲ್ಲಿ ಕಟಿಂಗ್ ಮಷೀನಿನ ಗುರುತು. ಸ್ಪ್ರಿಂಗನ್ನು ಒಂದೂವರೆ ಸುತ್ತು ಕತ್ತರಿಸಿ, ಶಾಕ್ಸ್ ಮಾತ್ರ ಕಂಪನಿಯ ಉದ್ದದ್ದೇ ಬಿಟ್ಟಿದ್ದರು.

ಇದರಲ್ಲಿ ಏನು ತಪ್ಪು ಅಂತ ಹೇಳುತ್ತೇನೆ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್, ಅದು ಕುಣಿಯದ ಹಾಗೆ ಹಿಡಿಯುವುದು ಶಾಕ್ಸ್. ಸುತ್ತು ಕತ್ತರಿಸಿದರೆ ಸ್ಪ್ರಿಂಗ್ ಗಿಡ್ಡ ಆಗುವುದಷ್ಟೇ ಅಲ್ಲ, ಗಟ್ಟಿಯೂ ಆಗುತ್ತದೆ, ಒತ್ತಿ ಬಿಟ್ಟಾಗ ಜೋರಾಗಿ ವಾಪಸ್ ಚಿಮ್ಮುತ್ತದೆ. ಆ ಚಿಮ್ಮುವಿಕೆಯನ್ನು ಹಿಡಿದು ನಿಲ್ಲಿಸುವುದಕ್ಕೆ ರಿಬೌಂಡ್ ಡ್ಯಾಂಪಿಂಗ್, ಚಿಕ್ಕದಾಗಿ ರಿಬೌಂಡ್ ಅಂತಾರೆ. ಮೆತ್ತನೆಯ ಸ್ಪ್ರಿಂಗಿಗೆ ಅಂತ ಮಾಡಿದ ಶಾಕ್ಸ್‌ಗೆ ಅಷ್ಟು ರಿಬೌಂಡ್ ಇರುವುದಿಲ್ಲ. ಜೊತೆಗೆ ಗಾಡಿ ನಿಂತಲ್ಲೇ ಶಾಕ್ಸ್‌ನೊಳಗೆ ಹೋಗಿ ಬರುವ ರಾಡ್ ಬಹುಪಾಲು ಒಳಗೆ ಹೋಗಿರುತ್ತದೆ. ಉಳಿದ ಚೂರು ಜಾಗದಲ್ಲೇ ಹಳ್ಳ, ಹಂಪ್, ಹಿಂದೆ ಕೂತ ಮೂರು ಜನ, ಡಿಕ್ಕಿಯ ಲಗೇಜು ಎಲ್ಲ ಸಂಭಾಳಿಸಬೇಕು. ಆಗದೆ ಕೊನೆಯಲ್ಲಿ ತಡೆಯಲು ಇಟ್ಟ ಬಂಪ್ ಸ್ಟಾಪ್ ರಬ್ಬರಿಗೆ ಗುದ್ದುತ್ತದೆ, ಗುದ್ದಿ ಗುದ್ದಿ ಒಳಗಿನ ವಾಲ್ವ್ ಹಾಳಾಗುತ್ತದೆ.

ಆ ಕಾರಿನಲ್ಲೇ ಒಂದು ಸಲ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಒಂದು ತಿರುವಿನ ಮಧ್ಯೆ ಸಣ್ಣ ಗುಂಡಿ. ವೇಗ ಜಾಸ್ತಿ ಏನೂ ಇರಲಿಲ್ಲ. ಮುಂದಿನ ಚಕ್ರ ಗುದ್ದಿ ಎಗರಿತು, ಇಡೀ ಕಾರು ಒಂದು ಅಡಿ ಪಕ್ಕಕ್ಕೆ ಹೋಗಿ ಬಿತ್ತು. ಎದುರಿಂದ ಬಸ್ ಬಂದಿದ್ದರೆ? ನನ್ನ ಹೆಂಡತಿ ಉಜಿರೆ ಬರುವ ತನಕ ಮಾತಾಡಲಿಲ್ಲ.

ಆಮೇಲೆ ಒಂದು ಪರೀಕ್ಷೆ ಮಾಡಿದೆ, ಯಾರು ಬೇಕಾದರೂ ಮಾಡಬಹುದು. ಧೂಳಿನ ರಬ್ಬರನ್ನು (ರಾಡಿಗೆ ಧೂಳು ಕೂರದ ಹಾಗೆ ಹಾಕಿದ ಕವರ್) ಮೇಲೆ ಸರಿಸಿ, ಶಾಕ್ಸ್‌ನ ರಾಡಿಗೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಬಿಗಿದು, ಶಾಕ್ಸ್‌ನ ಬಾಡಿಯವರೆಗೆ, ಅಂದರೆ ಆಯಿಲ್ ಇರುವ ಕೊಳವೆಯವರೆಗೆ ಕೆಳಗೆ ತಳ್ಳಿ, ಒಂದು ರೌಂಡ್ ಓಡಿಸಿ ಬಂದು ನೋಡಿ. ರಾಡ್ ಎಲ್ಲಿವರೆಗೆ ಒಳಗೆ ಹೋಗಿತ್ತು ಅಂತ ಆ ಟೈ ತೋರಿಸುತ್ತದೆ. ನನ್ನದು ಮನೆಯಿಂದ ತರಕಾರಿ ಅಂಗಡಿಗೆ ಹೋಗಿ ಬರುವಷ್ಟರಲ್ಲೇ ಬಂಪ್ ಸ್ಟಾಪಿಗೆ ಅಂಟಿಕೊಂಡಿತ್ತು.

ಹೊಸ ಶಾಕ್ಸ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರೋಡ್ ಪೂರ್ತಿ ಅಲೆದೆ. ಇಳಿಸಿದ ಗಾಡಿಗೆ ಗಿಡ್ಡ ಬಾಡಿಯ ಶಾಕ್ಸ್ ಬೇಕು. ಶಾಕ್ಸ್ ತಯಾರಿಸುವ ಬಿಲ್‌ಸ್ಟೀನ್‌ನವರು ಅದಕ್ಕೇ ಎರಡು ಬೇರೆ ಬೇರೆ ಮಾಡುತ್ತಾರೆ, ಕಂಪನಿ ಎತ್ತರದ ಕಾರಿಗೆ ಬಿ6, ಇಳಿಸಿದ್ದಕ್ಕೆ ಬಿ8. ಕೋನಿ ಅನ್ನುವ ಇನ್ನೊಂದು ಕಂಪನಿಯ ಹಳದಿ ಶಾಕ್ಸ್‌ನಲ್ಲಿ ರಿಬೌಂಡನ್ನು ಕೈಯಾರೆ ತಿರುಗಿಸಿ ಹೊಂದಿಸಿಕೊಳ್ಳಬಹುದು. ಆದರೆ ನನ್ನ ಗಾಡಿಗೆ ಸರಿಯಾಗಿ ಕೂರುವ ಗಿಡ್ಡ ಶಾಕ್ಸ್ ನನಗೆ ಸಿಗಲಿಲ್ಲ. ‘ಯಾವುದೋ ಒಂದು ಹೊಂದಿಸಿ ವೆಲ್ಡ್ ಮಾಡೋಣ ಸಾರ್’ ಅಂದವರಿದ್ದರು. ಹಳೆಯದಕ್ಕೇ ತೂತು ಕೊರೆದು ಆಯಿಲ್ ತುಂಬಿಸಿ ಬಣ್ಣ ಹೊಡೆದು ಕೊಡುತ್ತೇವೆ ಅಂದವರೂ ಇದ್ದರು. ದಯವಿಟ್ಟು ಅದನ್ನು ಮಾಡಿಸಬೇಡಿ. ಆಯಿಲ್ ಜೊತೆ ಒತ್ತಡದ ಗ್ಯಾಸ್ ಇರುವ ಗ್ಯಾಸ್ ಶಾಕ್ಸ್‌ಗೆ ತೂತು ಕೊರೆದರೆ ಗ್ಯಾಸ್ ಹೋಯಿತು, ಉಳಿಯುವುದು ಬರೀ ಆಯಿಲ್ ತುಂಬಿದ ಕೊಳವೆ.

ಕೊನೆಗೆ ನಾನು ಲೆಕ್ಕವನ್ನು ತಿರುಗಿಸಿದೆ. ಎತ್ತರಕ್ಕೆ ತಕ್ಕ ಶಾಕ್ಸ್ ಸಿಗದಿದ್ದರೆ, ಸಿಗುವ ಶಾಕ್ಸ್‌ಗೆ ತಕ್ಕ ಎತ್ತರ ಇಟ್ಟುಕೊಳ್ಳಬೇಕು. ಕಂಪನಿ ಉದ್ದದ ಹೊಸ ಗ್ಯಾಸ್ ಶಾಕ್ಸ್ ನಾಲ್ಕೂ ಹಾಕಿಸಿ, ಕತ್ತರಿಸಿದ ಸ್ಪ್ರಿಂಗ್ ಬಿಸಾಡಿ, 25 ಮಿ.ಮೀ. ಮಾತ್ರ ಇಳಿಯುವ ಸ್ಪ್ರಿಂಗ್ ಹಾಕಿಸಿದೆ. ಈಗ ಕಾರು ತಿರುವಿನಲ್ಲಿ ಮೊದಲಿಗಿಂತ ಕಡಿಮೆ ವಾಲುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ: ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ಸ್ ಎರಡೂ ಒಂದೇ ಕಂಬದಲ್ಲಿ ಸೇರಿದ ಜೋಡಣೆ) ಇರುವ ಇಂಥ ಕಾರುಗಳನ್ನು ಅತಿಯಾಗಿ ಇಳಿಸಿದರೆ ಚಕ್ರವನ್ನು ಗಾಡಿಗೆ ಸೇರಿಸುವ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗಿ ಓರೆಯಾಗುತ್ತದೆ, ಆಗ ಗಾಡಿ ತಿರುವಿನಲ್ಲಿ ವಾಲುವ ಬಲ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಅಂಗಡಿಯಲ್ಲಿ ಸಿಗುವ ಅತಿ ಗಟ್ಟಿಯಾದದ್ದನ್ನೇ ಕೊಡಿ ಅಂತ ಕೇಳುವುದೂ ಸರಿಯಲ್ಲ. ರಿಬೌಂಡ್ ವಿಪರೀತ ಬಿಗಿಯಾದರೆ ಸಾಲು ಹಂಪ್‌ಗಳ ಮೇಲೆ ಚಕ್ರಕ್ಕೆ ಮತ್ತೆ ಕೆಳಗಿಳಿಯಲು ಸಮಯವೇ ಸಿಗುವುದಿಲ್ಲ, ಒಂದೊಂದು ಹಂಪ್‌ಗೂ ಗಾಡಿ ಇನ್ನಷ್ಟು ಕೆಳಗೆ ಕೂರುತ್ತಾ ಹೋಗುತ್ತದೆ.

ಹಾಕಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ನನ್ನ ಮೊದಲ ಜೋಡಿ ಮೂರು ತಿಂಗಳಿಗೇ ಆಯಿಲ್ ಸೋರಿತು. ಬಿಚ್ಚಿ ನೋಡಿದರೆ ಹೊಳೆಯುವ ರಾಡಿನ ಮೇಲೆ ಇಕ್ಕಳದ ಹಲ್ಲಿನ ಗುರುತು! ಮೇಲಿನ ನಟ್ ಬಿಗಿಯುವಾಗ ರಾಡ್ ಸುತ್ತುತ್ತದೆ ಅಂತ ಗ್ಯಾರೇಜಿನ ಹುಡುಗ ಇಕ್ಕಳದಲ್ಲಿ ಹಿಡಿದಿದ್ದ. ಆ ಗೀರು ಪ್ರತಿ ಸಲ ಮೇಲೆ ಕೆಳಗೆ ಹೋಗುವಾಗ ಸೀಲನ್ನು ಕೊಯ್ಯುತ್ತದೆ. ಹುಡುಗನ ತಪ್ಪಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಂಪ್ ಸ್ಟಾಪ್, ಧೂಳಿನ ರಬ್ಬರ್, ಮೇಲಿನ ಮೌಂಟ್ ಬೇರಿಂಗ್ ಕೂಡ ಆಗಲೇ ಬದಲಾಯಿಸಿ, ಬುಷ್ (ಕೀಲುಗಳ ರಬ್ಬರ್) ಬೋಲ್ಟುಗಳನ್ನು ಚಕ್ರ ನೆಲಕ್ಕೆ ಊರಿದ ಮೇಲೆ ಬಿಗಿಯಿರಿ. ಅಲೈನ್‌ಮೆಂಟ್ ಬಿಡಬೇಡಿ.

ನಮ್ಮ ರಸ್ತೆಗಳನ್ನೂ ಮರೆಯುವಂತಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯದನ್ನು ಟೇಪ್ ಹಿಡಿದು ಅಳೆದೆ: ಎತ್ತರ 14 ಸೆಂ.ಮೀ., ಅಗಲ ಒಂದು ಮೀಟರೂ ಇಲ್ಲ. ಇಂಥದ್ದರ ಮೇಲೆ ದಿನಾ ಹತ್ತಿಳಿಯುವ ಕಾರನ್ನು ಎಷ್ಟು ಇಳಿಸಬಹುದು, ನೀವೇ ಹೇಳಿ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಇದೆ, ಅದನ್ನೂ ನಿಮ್ಮ ಲೇಖನ ಹೇಳಬೇಕಿತ್ತು.

ಪುರವಣಿಯ ಮುಂದಿನ ಸಂಚಿಕೆಯಲ್ಲಿ ಶಾಕ್ಸ್ ಬಗ್ಗೆಯೇ ಅರ್ಧ ಪುಟ ಕೊಡಿ. ಆ ಇಕ್ಕಳದ ಗುರುತಿರುವ ರಾಡ್ ಇನ್ನೂ ನನ್ನ ಹತ್ತಿರ ಇದೆ, ಫೋಟೊ ಬೇಕಿದ್ದರೆ ಕಳಿಸುತ್ತೇನೆ.

ಇಂತಿ,
ಐಕಾನ್ ಓಡಿಸುವ ಒಬ್ಬ ಓದುಗ, ಹಾಸನ